ಬೋಜ ಕರ್ನಲ್ ಕಟ್ಟಿದ್ದು

ಗಲ್ಫ್ ನಾಡಿನ ಘಾಲಾದ ಆ ವರ್ಕ್‌ಶಾಪಿನಲ್ಲಿ ಯಾರು ಏನು ಕೇಳಿದರೂ ಸ್ಟೋರ್ ಕೀಪರ್ ಬೋಜನ ಬಾಯಿಂದ ಬರುತ್ತಿದ್ದ ಉತ್ತರ ಒಂದೇ: "ನೋಡುವ." ಎರಡಿಂಚಿನ ಬೋಲ್ಟು ಉಂಟಾ ಎಂದರೆ ನೋಡುವ. ಶುಕ್ರವಾರ ಸೀಬ್ ಸೂಕಿಗೆ, ಎಂದರೆ ಅಲ್ಲಿನ ಸಂತೆಪೇಟೆಗೆ, ಹೋಗುವಾ ಎಂದು ಹೆಂಡತಿ ಲೋಲಾಕ್ಷಿ ಕೇಳಿದರೂ ನೋಡುವ. ಹಾಗೆಂದು ಅವನೇನೂ ಸೋಮಾರಿಯಲ್ಲ, ಕೆಲಸ ತಪ್ಪಿಸಿಕೊಳ್ಳುವವನೂ ಅಲ್ಲ. ಹೌದು ಎಂದುಬಿಟ್ಟು ಆಮೇಲೆ ಆಗದಿದ್ದರೆ ಏನು ಗತಿ, ಇಲ್ಲ ಎಂದುಬಿಟ್ಟು ಆಮೇಲೆ ಬೇಕಾಗಿ ಬಂದರೆ ಏನು ಗತಿ ಎಂಬ ಎರಡು ಹೆದರಿಕೆಗಳ ನಡುವೆ ಅವನು ಕಂಡುಕೊಂಡಿದ್ದ ಒಂದೇ ಒಂದು ತಂಪಾದ ಜಾಗ ಅದು. ಬೋಲ್ಟು ಇರುವುದು ಖಂಡಿತ ಗೊತ್ತಿದ್ದರೂ ಒಳಗೆ ಹೋಗಿ, ಪೆಟ್ಟಿಗೆ ತೆರೆದು, ಒಂದನ್ನು ಕೈಯಲ್ಲಿ ಮುಟ್ಟಿ ನೋಡಿದ ಮೇಲೆಯೇ ಅವನು "ಉಂಟು" ಎನ್ನುತ್ತಿದ್ದದ್ದು.

ಇಂಥವನ ತಲೆಯ ಮೇಲೆ ಒಂದು ಶನಿವಾರ ಬೆಳಿಗ್ಗೆ ವರ್ಕ್‌ಶಾಪಿನ ಹಳೆಯ ಕಂಪ್ಯೂಟರ್ ಬಿತ್ತು.

ಬಿತ್ತು ಎಂದರೆ ಸತ್ತಿತು. ಶೆಡ್ಡಿನ ಮೂಲೆಯಲ್ಲಿ ಕಬ್ಬಿಣದ ಹಾಳೆ ಕತ್ತರಿಸುವ ಒಂದು ದೊಡ್ಡ ಮಿಷನ್ನಿತ್ತು. ಕೋಣೆಯಷ್ಟು ದೊಡ್ಡ ಮೇಜು, ಅದರ ಮೇಲೆ ಅತ್ತಿತ್ತ ಓಡಾಡುವ ಅಡ್ಡತೊಲೆ, ತೊಲೆಗೆ ಕಚ್ಚಿಕೊಂಡ ಬೆಂಕಿಯ ಮೂತಿ. ಹಾಳೆಯಿಟ್ಟು ಚಿತ್ರ ಕೊಟ್ಟರೆ ವಿಲ್ಲಾಗಳ ಗೇಟಿಗೆ ಬೇಕಾದ ಬಳ್ಳಿ, ನಕ್ಷತ್ರ, ಖರ್ಜೂರದ ಮರ ಎಲ್ಲವನ್ನೂ ಅದು ಕತ್ತರಿಸಿ ಕೊಡುತ್ತಿತ್ತು. ಅದನ್ನು ನಡೆಸುತ್ತಿದ್ದದ್ದು ಪಕ್ಕದಲ್ಲಿದ್ದ, ಹತ್ತೊಂಬತ್ತು ವರ್ಷ ಹಳೆಯ ವರ್ಕ್‌ಸ್ಟೇಷನ್ ಕಂಪ್ಯೂಟರ್. ಆ ಶನಿವಾರ ಅದರ ಡಿಸ್ಕು ಎರಡು ಸಲ ಕಟಕಟ ಎಂದು ಸದ್ದು ಮಾಡಿ ಸುಮ್ಮನಾಯಿತು. ಮಿಷನ್ ಮಾರಿದ ಕಂಪನಿ ಎಂದೋ ಮುಚ್ಚಿಹೋಗಿತ್ತು. ಉಳಿದದ್ದು ಅವರು ಕೊಟ್ಟಿದ್ದ ಒಂದು ಸೀಡಿ, ಮತ್ತು ಝುಬೈರ್.

ಝುಬೈರ್ ಗುಜ್ರಾನ್‌ವಾಲಾ ಕಡೆಯವನು. ಹದಿನೆಂಟು ವರ್ಷಗಳಿಂದ ಆ ಮಿಷನ್ನಿನ ಆಪರೇಟರ್. ಅದೊಂದನ್ನು ಬಿಟ್ಟರೆ ಬೇರೆ ಮಿಷನ್ ಮುಟ್ಟಿದವನಲ್ಲ. ಬರುವ ತಿಂಗಳು ಅವನ ವೀಸಾ ರಿನ್ಯೂವಲ್ ಆಗಬೇಕಿತ್ತು.

ಮಾಲೀಕ ಝಿಯಾದ್ ಬಂದು, ಕಪ್ಪಾಗಿದ್ದ ಪರದೆಯನ್ನು ನೋಡಿ, ಎಲ್ಲರಿಗೂ ತಿಳಿಯುವ ತನ್ನ ಹಿಂದಿಯಲ್ಲಿ ಮಾತು ಮುಗಿಸಿದ. "ಗುರುವಾರ ನಾಲ್ಕು ಗಂಟೆಗೆ ಬರ್ತೀನಿ. ಮಿಷನ್ ಆ ಸೀಬ್ ವಿಲ್ಲಾದ ಆರ್ಡರಿನ ಗೇಟು ಕತ್ತರಿಸಿದರೆ ಮಿಷನ್ ಇರುತ್ತೆ, ಝುಬೈರ್ ಇರ್ತಾನೆ. ಇಲ್ಲಾಂದ್ರೆ ಖಲಾಸ್. ಸ್ಕ್ರ್ಯಾಪಿನ ಲಾರಿ ಬರುತ್ತೆ. ಹೊಸ ಮಿಷನ್ ಜೊತೆ ಅವರದೇ ಆಪರೇಟರ್ ಬರ್ತಾನಂತೆ."

ಹೊಸ ಮಿಷನ್ನಿನ ಕ್ಯಾಟಲಾಗು ತಂದುಕೊಟ್ಟವರು ಎಸ್ಟಿಮೇಶನ್ ಎಂಜಿನಿಯರ್ ಶ್ಯಾಮಸುಂದರ. ಮೈಸೂರಿನವರು. ಕೆಟ್ಟವರಲ್ಲ, ಆದರೆ ಹೊಸ ಕ್ಯಾಟಲಾಗು ಕಂಡರೆ ಅವರಿಗೆ ಹಬ್ಬ.

"ಅರ್ಬಾಬ್," ಎಂದರು ಶ್ಯಾಮಸುಂದರ, ಧಣಿಯನ್ನು ಅಲ್ಲಿ ಎಲ್ಲರೂ ಕರೆಯುವ ಹಾಗೆ, ನಗುತ್ತ, "ನಮ್ಮ ಬೋಜಣ್ಣ ಕಂಪ್ಯೂಟರ್ ಓದಿದ್ದಾರಲ್ಲ. ಅವರೇ ಮಾಡ್ತಾರೆ ಬಿಡಿ."

ಎಲ್ಲರೂ ಬೋಜನ ಮುಖ ನೋಡಿದರು. ಝುಬೈರನೂ ನೋಡಿದ. ಆ ನೋಟದಲ್ಲಿ ಹದಿನೆಂಟು ವರ್ಷವಿತ್ತು.

"ನೋಡುವ," ಎಂದ ಬೋಜ.

ಬೋಜ ಕಂಪ್ಯೂಟರ್ ಓದಿದ್ದು ಸುಳ್ಳಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಹಗಲು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತ, ಸಂಜೆ ಆರರಿಂದ ಎಂಟರ ತನಕ ಹಂಪನಕಟ್ಟೆಯ ಒಂದು ಮಾಳಿಗೆಯ ಮೇಲೆ ಡಿಪ್ಲೊಮಾ ಕ್ಲಾಸಿಗೆ ಹೋಗಿದ್ದ. ದಿನವೂ ಏಳು ಗಂಟೆಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಏಳರ ನಂತರದ ಪಾಠವೆಲ್ಲ ಮೇಣದ ಬತ್ತಿಯಲ್ಲಿ. ಆಪರೇಟಿಂಗ್ ಸಿಸ್ಟಮ್ಮಿನ ಪಾಠ ಬರುತ್ತಿದ್ದದ್ದು ಏಳರ ನಂತರ. ಹೀಗಾಗಿ ಆ ವಿಷಯದಲ್ಲಿ ಬೋಜನಿಗೆ ತಿಳಿದಿದ್ದೆಲ್ಲ ಕಪ್ಪು ಹಲಗೆಯ ಮೇಲಿನ ಚೌಕಗಳು. ಸರ್ಟಿಫಿಕೇಟಿನಲ್ಲಿ 'ಪ್ರಥಮ ದರ್ಜೆ' ಎಂದಿತ್ತು. ಅದನ್ನು ಕಂಡಾಗಲೆಲ್ಲ ಅವನಿಗೆ ಯಾರದೋ ಚಪ್ಪಲಿ ಹಾಕಿಕೊಂಡು ಬಂದ ಹಾಗೆ ಅನಿಸುತ್ತಿತ್ತು.

ಭಾನುವಾರ ರೂವಿ ಪೇಟೆಯಲ್ಲಿ ಹಳೆಯ ಸಾಮಾನಿನ ಅಂಗಡಿಗಳನ್ನು ಸುತ್ತಿ, ಆ ಕಾಲದ್ದೇ ಒಂದು ಡಿಸ್ಕು ಹುಡುಕಿ ತಂದ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಹೊಸ ಆವೃತ್ತಿ ಹಾಕಲು ಹೋದರೆ ಅದು ಈ ಹಳೆಯ ಪ್ರೊಸೆಸರನ್ನು ಕಂಡು ಒಳಗೇ ಬರಲಿಲ್ಲ. ಸೀಡಿಯಲ್ಲಿದ್ದ ಹಳೆಯ ಲಿನಕ್ಸ್ ಸಲೀಸಾಗಿ ಕೂತಿತು, ಆದರೆ ಮಿಷನ್ನನ್ನು ನಡೆಸುವ ಕಾರ್ಡು ಅದರ ಕಣ್ಣಿಗೆ ಬೀಳಲಿಲ್ಲ. ಸೀಡಿಯ ಜೊತೆಗಿದ್ದ ಪುಸ್ತಿಕೆಯ ಕೊನೆಯ ಪುಟದಲ್ಲಿ ಒಂದು ಸಾಲಿತ್ತು: ಕರ್ನಲ್ಲನ್ನು ನಿಮ್ಮ ಯಂತ್ರಕ್ಕೆ ತಕ್ಕಂತೆ ನೀವೇ ಕಟ್ಟಿಕೊಳ್ಳಿ.

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳು. ಡಿಸ್ಕಿನ ಜೊತೆ ಹೇಗೆ ಮಾತಾಡಬೇಕು, ಕೀಬೋರ್ಡಿನ ಜೊತೆ ಹೇಗೆ ಎಂದು ಬಲ್ಲದ್ದು ಅದೇ. ಅದನ್ನು ಕಟ್ಟುವ ಮೊದಲು ಕಂಪ್ಯೂಟರ್ ನಮ್ಮನ್ನು ಪ್ರಶ್ನೆ ಕೇಳುತ್ತದೆ: ಇದು ಬೇಕೇ, ಅದು ಬೇಕೇ ಎಂದು. ಉತ್ತರಕ್ಕೆ ಒಂದೊಂದೇ ಅಕ್ಷರ. ವೈ ಎಂದರೆ ಬೇಕು, ಎನ್ ಎಂದರೆ ಬೇಡ.

ಬೋಜ ಸೋಮವಾರ ಬೆಳಿಗ್ಗೆ ಕೂತು ಪ್ರಶ್ನೆಗಳು ಎಷ್ಟಿವೆ ಎಂದು ನೋಡಿದ. ಮೂರು ಸಾವಿರಕ್ಕೂ ಮಿಕ್ಕಿದ್ದವು. ಕುಡಿಯುತ್ತಿದ್ದ ಸುಲೈಮಾನಿ ಚಹಾ ಅಲ್ಲೇ ತಣ್ಣಗಾಯಿತು.

ಸಾಲದ್ದಕ್ಕೆ ಪ್ರತಿ ಪ್ರಶ್ನೆಗೂ ಒಂದು ವಿವರಣೆಯಿತ್ತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಓದುತ್ತಿರಲಿಲ್ಲ. ಬೋಜ ಓದಿದ. ಒಂದನ್ನೂ ಬಿಡದೆ, ತುಟಿ ಅಲ್ಲಾಡಿಸುತ್ತ ಓದಿದ. ಹೆಚ್ಚಿನ ವಿವರಣೆಗಳ ಕೊನೆಯಲ್ಲಿ ಒಂದೇ ಸಾಲು: ಅನುಮಾನವಿದ್ದರೆ ಬೇಡ ಎನ್ನಿ. ಕೆಲವುಗಳಲ್ಲಿ ಮಾತ್ರ: ಅನುಮಾನವಿದ್ದರೆ ಬೇಕು ಎನ್ನಿ. ಅನುಮಾನವಿಲ್ಲದ ಮನುಷ್ಯರಿಗೆ ಏನು ಹೇಳಬೇಕೆಂದು ಬರೆದವರು ಯೋಚಿಸಿದಂತೆ ಕಾಣಲಿಲ್ಲ. ತನ್ನಂಥವರಿಗಾಗಿಯೇ ದೂರದೇಶದಲ್ಲಿ ಯಾರೋ ಕೂತು ಬರೆದಿದ್ದಾರಲ್ಲ ಎಂದು ಬೋಜನಿಗೆ ಕಣ್ಣು ತುಂಬಿ ಬಂತು. ಆದರೆ ಬೇಡ ಎನ್ನಲು ಬೆರಳು ಏಳಲಿಲ್ಲ.

ಆಗಲೇ ಅವನ ಕಣ್ಣಿಗೆ ಮೂರನೆಯ ಅಕ್ಷರ ಬಿದ್ದದ್ದು. ಎಂ. ಎಂ ಒತ್ತಿದರೆ ಆ ಸಂಗತಿ ಕರ್ನಲ್ಲಿನ ಒಳಗೆ ಸೇರುವುದಿಲ್ಲ, ಹೊರಗೂ ಹೋಗುವುದಿಲ್ಲ. ಡಿಸ್ಕಿನ ಒಂದು ಮೂಲೆಯಲ್ಲಿ ಮಡಚಿಟ್ಟುಕೊಂಡಿರುತ್ತದೆ. ಬೇಕಾದಾಗ ಕರೆದುಕೊಳ್ಳಬಹುದು.

ಬೋಜ ಕುರ್ಚಿಗೆ ಒರಗಿ ಕೂತ. ನಲವತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ಒಂದು ಯಂತ್ರ ಅವನಿಗೆ "ನೋಡುವ" ಎನ್ನಲು ಅವಕಾಶ ಕೊಟ್ಟಿತ್ತು.

ಎಂ, ಎಂ, ಎಂ ಎಂದು ಒತ್ತುತ್ತ ಹೋದ. ಟೀವಿ ಬೇಕೇ? ಎಂ. ಯಾವ ಕಾಲದ್ದೋ ಫ್ಲಾಪಿ? ಎಂ. ಕುರುಡರು ಮುಟ್ಟಿ ಓದುವ ಪರದೆ? ಅದನ್ನು ಬೇಡ ಎನ್ನುವುದು ಮನುಷ್ಯತ್ವವೇ? ಎಂ. ಡಿಸ್ಕಿನ ಪ್ರಶ್ನೆ ಬಂದಾಗಲೂ ಅದೇ ಓಟದಲ್ಲಿ ಎಂ ಒತ್ತಿ ಮುಂದೆ ಹೋದ. ಮಂಗಳವಾರ ಮಧ್ಯಾಹ್ನ ಶ್ಯಾಮಸುಂದರ ಬಂದು ಹಿಂದೆ ನಿಂತರು.

"ಏನ್ ಸ್ವಾಮಿ, ಇನ್ನೂ ಪರೀಕ್ಷೆ ಬರೀತಾನೇ ಇದ್ದೀರಾ? ಎಷ್ಟನೇ ಪ್ರಶ್ನೆ?"

"ಎರಡು ಸಾವಿರದ ಎಂಟ್ನೂರು ಆಯ್ತು ಸರ್."

"ನಾನು ಎಂ.ಟೆಕ್ಕಿನ ಗೇಟ್ ಪರೀಕ್ಷೆಗೂ ಇಷ್ಟು ಬರ್ದಿಲ್ಲ ರೀ. ಪಾಸಾಗತ್ತಾ?"

"ನೋಡುವ ಸರ್."

"ನೀವು ನೋಡ್ತಾ ಇರಿ. ನಾನು ಹೊಸ ಮಿಷನ್ನಿಗೆ ಜಾಗ ಅಳತೆ ಮಾಡ್ತಿರ್ತೀನಿ," ಎಂದು ಅವರು ಟೇಪು ತೆಗೆದು ಅಳೆಯಲೇ ಶುರುಮಾಡಿದರು. ಟೇಪಿನ ಇನ್ನೊಂದು ತುದಿ ಹಿಡಿಯಲು ಕರೆದದ್ದು ಝುಬೈರನನ್ನು. ಅವನು ಬಂದು ಹಿಡಿದ.

ಆ ಸಂಜೆ ಆರಕ್ಕೆ ಕಂಪ್ಯೂಟರಿಗೆ ಕಟ್ಟಲು ಬಿಟ್ಟ ಕರ್ನಲ್ಲು ಬುಧವಾರ ಬೆಳಿಗ್ಗೆ ಹತ್ತಕ್ಕೆ ಮುಗಿಯಿತು. ಬೋಜ ಕೈ ತೊಳೆದು ಬಂದು ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದ. ಪರದೆಯ ತುಂಬ ಅಕ್ಷರಗಳು ಓಡಿದವು, ಓಡಿದವು, ಆಮೇಲೆ ಥಟ್ಟನೆ ನಿಂತವು. ಕೊನೆಯ ಸಾಲಿನಲ್ಲಿ ಕರ್ನಲ್ ಪ್ಯಾನಿಕ್ ಎಂದಿತ್ತು. ಮೂಲ ಡಿಸ್ಕು ಸಿಗುತ್ತಿಲ್ಲವಂತೆ.

ಬೋಜ ಹೆದರಬೇಕಿತ್ತು. ಆದರೆ ಮೊದಲು ಅವನಿಗೆ ಬಂದದ್ದು ಒಂದು ಬಗೆಯ ಮರ್ಯಾದೆ. ಗಾಬರಿಯಾಗಿದೆ ಎಂದು ಹೀಗೆ ಬಾಯಿಬಿಟ್ಟು ಹೇಳಿ, ಕೈಕಟ್ಟಿ ನಿಂತುಬಿಡುವುದು ಎಷ್ಟು ಒಳ್ಳೆಯದು! ತಾನು ಇಷ್ಟು ವರ್ಷ ಗಾಬರಿಯಾಗಿಯೂ ಕೆಲಸ ಮಾಡುತ್ತಲೇ ಬಂದಿದ್ದೇನಲ್ಲ ಎಂದುಕೊಂಡ. ಆಮೇಲೆ ಆ ಸಾಲನ್ನು ಇನ್ನೊಮ್ಮೆ ಓದಿದ, ಹೆದರಿಕೆ ಆಗ ಬಂತು.

ಒಂದು ಗಂಟೆಗೆ ವರ್ಕ್‌ಶಾಪಿಗೆ ಬಾಗಿಲು ಹಾಕುತ್ತಾರೆ. ಮತ್ತೆ ತೆರೆಯುವುದು ನಾಲ್ಕಕ್ಕೆ. ಹೊರಗೆ ಬಿಸಿಲಿಗೆ ತಗಡೆಲ್ಲ ಟಣ್ ಟಣ್ ಎನ್ನುವ ಹೊತ್ತು. ಎಲ್ಲರೂ ಊಟಕ್ಕೆ ಹೋದ ಮೇಲೂ ಬೋಜ ಅಲ್ಲೇ ಕೂತಿದ್ದ. ಝುಬೈರ್ ಒಂದು ಪೊಟ್ಟಣದಲ್ಲಿ ರೊಟ್ಟಿ ದಾಲ್ ತಂದು ಮುಂದಿಟ್ಟು, ಎಣ್ಣೆಯ ಡಬ್ಬವೊಂದನ್ನು ಮಗುಚಿ ಹಾಕಿ ಪಕ್ಕದಲ್ಲಿ ಕೂತ. ಅವರಿಬ್ಬರ ಮಾತು ಯಾವಾಗಲೂ ಹಿಂದಿಯಲ್ಲಿ. ಬೋಜನ ಹಿಂದಿಗೆ ಬಂಟ್ವಾಳದ ರಾಗವಿತ್ತು, ಝುಬೈರನದಕ್ಕೆ ಪಂಜಾಬಿನದು.

"ಏನಂತೆ ಇದಕ್ಕೆ?"

"ಡಿಸ್ಕು ಸಿಗ್ತಾ ಇಲ್ಲವಂತೆ."

"ಡಿಸ್ಕು ಅಲ್ಲೇ ಇದೆಯಲ್ಲ. ನಾನೇ ಸ್ಕ್ರೂ ಹಾಕಿದ್ದು."

"ಡಿಸ್ಕಿನ ಜೊತೆ ಮಾತಾಡಲು ಇದಕ್ಕೆ ಒಂದು ಸಣ್ಣ ಪ್ರೋಗ್ರಾಮ್ ಬೇಕು ಝುಬೈರ್ ಭಾಯ್. ಅದನ್ನು ನಾನು ಕರ್ನಲ್ಲಿನ ಒಳಗೆ ಹಾಕಲಿಲ್ಲ. ಬೇಕಾದಾಗ ತೆಗೆದುಕೊಳ್ಳಲಿ ಎಂದು ಹೊರಗೆ ಇಟ್ಟೆ."

"ಹೊರಗೆ ಎಲ್ಲಿ ಇಟ್ಟೆ?"

"ಡಿಸ್ಕಿನಲ್ಲಿ," ಎಂದ ಬೋಜ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು.

ಝುಬೈರ್ ಬಾಯಿಗಿಟ್ಟ ತುತ್ತನ್ನು ಅಗಿಯುವುದನ್ನು ನಿಲ್ಲಿಸಿದ. ಆಮೇಲೆ ಅವನ ಹೊಟ್ಟೆ ಮೊದಲು ಕುಲುಕಿತು, ನಗು ಆಮೇಲೆ ಬಂತು. "ಗ್ಯಾಸ್ ಸಿಲಿಂಡರಿನ ಪಂಜರಕ್ಕೆ ಹೊಸ ಬೀಗ ತಂದ ದಿನ ಒಬ್ಬ ಮಹಾಶಯ ಬೀಗದ ಕೈಯನ್ನು ಒಳಗಿನ ಮೊಳೆಗೆ ನೇತುಹಾಕಿ ಬಾಗಿಲು ಮುಚ್ಚಿದ್ದ. ಭದ್ರವಾಗಿರಲಿ ಎಂದು! ಕಟರ್ ತಂದು ಕೊಯ್ಯಬೇಕಾಯಿತು."

"ಯಾರು ಅದು?"

"ನಾನೇ. ಹೊಸದಾಗಿ ಬಂದಿದ್ದೆ. ರೊಟ್ಟಿ ತಿನ್ನು."

ಬೋಜ ರೊಟ್ಟಿ ತಿಂದ. ಹೊಟ್ಟೆಗೆ ಬಿದ್ದ ಮೇಲೆ ಲೆಕ್ಕ ಹಾಕಿದ. ಸೀಡಿಯಿಂದ ಕಂಪ್ಯೂಟರನ್ನು ಎಬ್ಬಿಸಬಹುದು, ಡಿಸ್ಕಿಗೆ ವೈ ಒತ್ತಬಹುದು. ಆದರೆ ಆ ಸಾವಿರಾರು ಎಂ ಹಾಗೇ ಇದ್ದರೆ ಮತ್ತೆ ಹದಿನಾರು ಗಂಟೆ. ಆಮೇಲೆ ಕಾರ್ಡಿನ ಕೆಲಸ, ಪರೀಕ್ಷೆ. ಗುರುವಾರದೊಳಗೆ ಮುಗಿಯುವುದಿಲ್ಲ. ಬೇಡದ್ದನ್ನೆಲ್ಲ ತೆಗೆದರೆ ಮಾತ್ರ ಉಂಟು. ಎಂದರೆ, ಸಾವಿರಾರು ಸಲ ಇಲ್ಲ ಎನ್ನಬೇಕು.

"ನನ್ನಿಂದ ಆಗ್ಲಿಕ್ಕಿಲ್ಲ ಭಾಯ್," ಎಂದ. "ಒಂದನ್ನು ತೆಗೆಯುವಾಗ ಅದೇ ಬೇಕಾಗಿದ್ದರೆ ಎಂಬ ಹೆದರಿಕೆ ಬರ್ತದೆ."

"ನೀನು ಓದಿ ಹೇಳು. ಇಲ್ಲ ಅನ್ನೋದು ನನಗೆ ಬಿಡು."

ಹೀಗೆ ಆ ಮೂರು ಗಂಟೆಯ ಬಿಡುವಿನಲ್ಲಿ ಘಾಲಾದಲ್ಲಿ ಒಂದು ವಿಚಾರಣೆ ನಡೆಯಿತು. ಬೋಜ ಕೇಸು ಓದುವ ಪೇಶ್ಕಾರ, ಎಣ್ಣೆಯ ಡಬ್ಬದ ಮೇಲೆ ಝುಬೈರ್ ನ್ಯಾಯಾಧೀಶ.

"ಹ್ಯಾಮ್ ರೇಡಿಯೋ ಬೇಕಾ ಅಂತ ಕೇಳ್ತದೆ."

"ನಮ್ಮಲ್ಲಿ ಇದೆಯಾ?"

"ಇಲ್ಲ. ಆದರೆ ಮುಂದೆ ಯಾವತ್ತಾದರೂ..."

"ಮುಂದಿನ ತಿಂಗಳು ನಾನೇ ಇಲ್ಲಿ ಇರ್ತೀನೋ ಇಲ್ಲವೋ, ರೇಡಿಯೋ ಯಾರು ಹಚ್ಚೋದು? ಬೇಡ."

"ಟೀವಿ?"

"ಇದು ಹೋಟೆಲಾ? ಬೇಡ."

"ಹಳೆಯ ಕಾಲದ ಒಂದು ಬಗೆಯ ನೆಟ್‌ವರ್ಕು. ಈಗ ಯಾರೂ ಬಳಸುವುದಿಲ್ಲ ಅಂತ ಅವರೇ ಬರೆದಿದ್ದಾರೆ. ಪಾಪ, ಯಾರೋ ಕಷ್ಟಪಟ್ಟು ಬರೆದ ಪ್ರೋಗ್ರಾಮು."

"ಅವರಿಗೆ ಸಲಾಂ ಹೇಳು. ಬೇಡ."

"ಕಾವಲುನಾಯಿ ಬೇಕಾ ಅಂತ."

"ಕಂಪ್ಯೂಟರಿನ ಒಳಗೆ ನಾಯಿಯಾ?"

"ಯಂತ್ರ ಕೆಲಸ ನಿಲ್ಲಿಸಿ ಸುಮ್ಮನೆ ಕೂತರೆ ಎಬ್ಬಿಸ್ತದಂತೆ."

"ಅದಕ್ಕೆ ಶ್ಯಾಮ್ ಸಾಬ್ ಇದ್ದಾರಲ್ಲ. ಬೇಡ."

ಬೋಜನಿಗೂ ನಗು ಬಂತು. ಇನ್ನೂರು, ಮುನ್ನೂರು ದಾಟುವ ಹೊತ್ತಿಗೆ ಬೆರಳು ತಾನೇ ಎನ್ ಕಡೆಗೆ ಹೋಗುತ್ತಿತ್ತು. ಒಂದಕ್ಕೆ ಬೇಡ ಎಂದರೆ ಅದರ ಕೆಳಗಿನ ಹತ್ತಿಪ್ಪತ್ತು ಪ್ರಶ್ನೆಗಳೂ ಜೊತೆಗೇ ಹೋಗುತ್ತಿದ್ದವು. ಇಲ್ಲ ಎಂದರೆ ಏನೂ ಬಿದ್ದುಹೋಗುವುದಿಲ್ಲ, ಛಾವಣಿ ಅಲ್ಲೇ ಇದೆ, ಬಿಸಿಲು ಅಲ್ಲೇ ಇದೆ. ಮೂರೂವರೆಯ ಸುಮಾರಿಗೆ ಝುಬೈರ್ ನಮಾಜಿಗೆ ಎದ್ದು ಹೋದ. ಆಗ ಪರದೆಯ ಮೇಲೆ ಜಾಯ್‌ಸ್ಟಿಕ್ ಎಂಬ ಪ್ರಶ್ನೆ ಬಂತು. ಆಟ ಆಡುವ ಕೋಲು. ಬೋಜ ವಿವರಣೆಯನ್ನು ಅರ್ಧ ಓದಿ ತಲೆಯಾಡಿಸಿದ. ಕೆಲಸದ ಜಾಗದಲ್ಲಿ ಆಟವೇ? ಅರ್ಬಾಬ್ ಕಂಡರೆ ಏನೆಂದಾನು! ಯಾರನ್ನೂ ಕೇಳದೆ, ತಾನೇ ತಾನಾಗಿ, ಟಪ್ ಎಂದು ಎನ್ ಒತ್ತಿದ. ಎದೆಯೊಳಗೆ ಒಂಥರಾ ಹೆಮ್ಮೆ ಎದ್ದಿತು. ಝುಬೈರ್ ಬಂದಾಗ ಇದನ್ನು ಹೇಳಬೇಕೆಂದುಕೊಂಡ. ಬರುವಷ್ಟರಲ್ಲಿ ಮುಂದಿನ ಪ್ರಶ್ನೆಯ ಬಿಸಿಯಲ್ಲಿ ಮರೆತ.

ಗುರುವಾರ ಬೆಳಿಗ್ಗೆ ಕಂಪ್ಯೂಟರ್ ಗಾಬರಿಯಿಲ್ಲದೆ ಎದ್ದಿತು. ಡಿಸ್ಕು ಕಂಡಿತು. ಕಾರ್ಡಿನ ಪ್ರೋಗ್ರಾಮು ಒಂದೇ ಸಲಕ್ಕೆ ಕೂತಿತು. ಪರದೆಯ ಮೇಲೆ ಸೀಬ್‌ನ ಗೇಟಿನ ಚಿತ್ರ, ಎರಡು ಖರ್ಜೂರದ ಮರ ಮತ್ತು ಸುತ್ತ ಬಳ್ಳಿ, ಚೆಂದಾಗಿ ಮೂಡಿತು. ಬೋಜ ಅದನ್ನು ಒಂಬತ್ತು ಸಲ ಮುಚ್ಚಿ ತೆರೆದು ನೋಡಿದ. ಗ್ಯಾಸ್ ದಂಡವಾಗದಿರಲಿ ಎಂದು ಮಿಷನ್ ಓಡಿಸಿ ಬೆಂಕಿ ಹಚ್ಚಿ ಪರೀಕ್ಷಿಸುವುದನ್ನು ನಾಲ್ಕು ಗಂಟೆಗೇ ಇಟ್ಟುಕೊಂಡರು.

ನಾಲ್ಕಕ್ಕೆ ಸರಿಯಾಗಿ ಝಿಯಾದ್ ಬಂದ. ಹಿಂದೆ ಕ್ಯಾಟಲಾಗು ಹಿಡಿದುಕೊಂಡು ಶ್ಯಾಮಸುಂದರ. ಮೇಜಿನ ಮೇಲೆ ಹಾಳೆ ಮಲಗಿತ್ತು. ಝುಬೈರ್ ಕೈಗವಸು ಹಾಕಿಕೊಂಡು, ಉದ್ದದ ವಯರಿರುವ ಕೈಪೆಟ್ಟಿಗೆಯನ್ನು ಎತ್ತಿಕೊಂಡ. ಅದರ ಮೇಲೆ ಒಂದು ಸಣ್ಣ ಕೋಲು. ಕೋಲನ್ನು ಅತ್ತಿತ್ತ ವಾಲಿಸಿ, ಬೆಂಕಿಯ ಮೂತಿಯನ್ನು ಹಾಳೆಯ ಮೂಲೆಗೆ ತಂದು ನಿಲ್ಲಿಸುವುದು ಪ್ರತಿ ಕೆಲಸದ ಮೊದಲ ಹೆಜ್ಜೆ.

ಝುಬೈರ್ ಕೋಲನ್ನು ವಾಲಿಸಿದ. ತೊಲೆ ಅಲುಗಲಿಲ್ಲ. ಇನ್ನೊಂದು ಕಡೆಗೆ ವಾಲಿಸಿದ. ಇಲ್ಲ.

ಬೋಜನ ಕಣ್ಣು ಆ ವಯರಿನ ಗುಂಟ ಹೋಯಿತು. ಕೈಪೆಟ್ಟಿಗೆಯಿಂದ ಇಳಿದು, ನೆಲದ ಮೇಲೆ ಸುತ್ತಿ, ಮೇಜಿನ ಕಾಲಿನ ಹಿಂದಿನಿಂದ ಹಾದು, ವರ್ಕ್‌ಸ್ಟೇಷನ್ನಿನ ಬೆನ್ನಿಗೆ, ಜಾಯ್‌ಸ್ಟಿಕ್ ಸಿಕ್ಕಿಸುವ ತೂತಿಗೆ. ತಾನು ಕೆಲಸಕ್ಕೆ ಸೇರಿದ ಹನ್ನೊಂದು ವರ್ಷಗಳಿಂದ ದಿನವೂ ದಾಟಿ ನಡೆದ ವಯರು. ಆಟದ ಕೋಲೆಂದು ಅವನು ಬೇಡ ಎಂದದ್ದು ಇದನ್ನೇ.

"ಏನಾಯ್ತು ರೀ?" ಎಂದರು ಶ್ಯಾಮಸುಂದರ ಮೆತ್ತಗೆ. "ಮೂರು ಸಾವಿರದಲ್ಲಿ ಒಂದು ತಪ್ಪು ಬರ್ದ್ರಾ?"

"ಹೌದು ಸರ್," ಎಂದ ಬೋಜ. ಇಷ್ಟು ಬೇಗ ಹೌದು ಎಂದವನಲ್ಲ ಅವನು.

ಝುಬೈರ್ ಒಮ್ಮೆ ಬೋಜನನ್ನು, ಒಮ್ಮೆ ಝಿಯಾದನನ್ನು ನೋಡಿದ. ಕೈಪೆಟ್ಟಿಗೆಯನ್ನು ಕೆಳಗಿಟ್ಟ. ಮೋಟಾರಿನ ಸ್ವಿಚ್ಚು ಆರಿಸಿ, ಮೇಜಿನ ತಲೆಗೆ ಹೋಗಿ, "ಬಿಸ್ಮಿಲ್ಲಾ" ಎಂದು ತೊಲೆಗೆ ಹೆಗಲು ಕೊಟ್ಟ. ಮೂರು ಕ್ವಿಂಟಲ್ಲಿನ ತೊಲೆ ಕಿರುಗುಟ್ಟುತ್ತ ಸರಿಯಿತು. ಮೂಲೆ ಬಂದಾಗ ನಿಲ್ಲಿಸಿ, ಬಗ್ಗಿ, ಒಂದು ಕಣ್ಣು ಮುಚ್ಚಿ ಹಾಳೆಯ ಉದ್ದಕ್ಕೂ ನೋಡಿದ. ನಾಲಿಗೆಯಿಂದ ಚ್ಚ್ ಎಂದು, ಕಿಸೆಯಿಂದ ಒಂದು ತಗಡಿನ ಚೂರು ತೆಗೆದು ಹಾಳೆಯ ನಡುಭಾಗದ ಕೆಳಗೆ ತುರುಕಿದ. ಅಂಗಳದ ಬಿಸಿಲಲ್ಲಿ ಬಿದ್ದಿದ್ದ ಹಾಳೆ ಒಂದು ಬೆರಳಿನಷ್ಟು ಬಾಗಿತ್ತು. ಅದು ಅವನೊಬ್ಬನ ಕಣ್ಣಿಗೆ ಬಿಟ್ಟು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮತ್ತೆ ತೊಲೆಯನ್ನು ಎರಡು ನೂಲಿನಷ್ಟು ಹಿಂದಕ್ಕೆ ಜಗ್ಗಿದ. ಬೆವರು ಒರೆಸಿಕೊಂಡು ಸ್ವಿಚ್ಚು ಹಾಕಿದ.

"ಯಲ್ಲಾ, ಬೋಜ ಭಾಯ್, ಶುರು ಮಾಡು."

ಬೋಜ ಒತ್ತಿದ. ನೀಲಿ ಬೆಂಕಿ ಚುಂಯ್ ಎಂದು ಹುಟ್ಟಿ ಹಾಳೆಯ ಮೇಲೆ ನಡೆಯತೊಡಗಿತು. ನಲವತ್ತು ನಿಮಿಷ ಹಾಗೇ ನಡೆಯಿತು. ಕೊನೆಗೆ ಬೇಡದ ತುಂಡುಗಳು ಒಂದೊಂದಾಗಿ ಕೆಳಗೆ ಉದುರಿ, ಎರಡು ಖರ್ಜೂರದ ಮರಗಳು ಮೇಜಿನ ಮೇಲೆ ಉಳಿದವು. ಝಿಯಾದ್ ಅಂಚಿನ ಮೇಲೆ ಬೆರಳಾಡಿಸಿ ನೋಡಿದ.

"ಈ ಮನುಷ್ಯ ಇಲ್ಲದೆ ಈ ಮಿಷನ್ ನಡೆಯೋದಿಲ್ಲ," ಎಂದ ಶ್ಯಾಮಸುಂದರರಿಗೆ. "ಅವನ ಹೆಗಲಿಲ್ಲದಿದ್ದರೆ ಇವತ್ತು ಏನು ಮಾಡ್ತಿದ್ರಿ? ಶನಿವಾರ ಪೇಪರ್ ತನ್ನಿ, ವೀಸಾಕ್ಕೆ ಸಹಿ ಹಾಕ್ತೀನಿ."

ಎಲ್ಲರೂ ಬೋಜನ ಬೆನ್ನು ತಟ್ಟಿದರು. ಅವನು ಮಾತ್ರ ಆ ಸತ್ತ ಕೋಲನ್ನೇ ನೋಡುತ್ತಿದ್ದ.

ಶುಕ್ರವಾರ ಅಲ್ ಹೈಲ್‌ನ ತಮ್ಮ ಫ್ಲ್ಯಾಟಿನಲ್ಲಿ ಲೋಲಾಕ್ಷಿ ನೀರುದೋಸೆ ಹಾಕುತ್ತಿದ್ದಳು. ಬೋಜ ಒಂದು ದೋಸೆಯನ್ನು ಹದಿನಾಲ್ಕು ಚೂರು ಮಾಡಿ ಬಟ್ಟಲಲ್ಲಿ ಸಾಲಾಗಿ ಇಟ್ಟಿದ್ದ.

"ತಿನ್ಲಿಕ್ಕೆ ಮಾಡಿದ್ದು ಮಾರಾಯ್ರೆ ಅದು, ಟೈಲ್ಸ್ ಹಾಕ್ಲಿಕ್ಕೆ ಅಲ್ಲ. ಎಂತ ಆಯ್ತು?"

ಬೋಜ ಎಲ್ಲ ಹೇಳಿದ. ತಾನು ಎನ್ ಒತ್ತಿದ್ದರಿಂದ ಕೋಲು ಸತ್ತದ್ದು. ಕೋಲು ಸತ್ತದ್ದರಿಂದ ಝುಬೈರ್ ತೊಲೆ ತಳ್ಳಬೇಕಾದದ್ದು. ತಳ್ಳಿದ್ದರಿಂದಲೇ ಅರ್ಬಾಬಿಗೆ ಅವನಿಲ್ಲದೆ ಆಗುವುದಿಲ್ಲ ಎನಿಸಿದ್ದು.

"ಮತ್ತೆ ಒಳ್ಳೇದೇ ಆಯ್ತಲ್ಲ!"

"ಎಂತ ಒಳ್ಳೇದು? ಅರ್ಬಾಬ್ ಸಹಿ ಹಾಕುದು ನನ್ನ ತಪ್ಪಿನ ಮೇಲೆ. ನಾಳೆ ಗೊತ್ತಾದ್ರೆ?"

"ಹೇಳ್ಬೇಡಿ. ಯಾರು ಕೇಳಿದ್ರು ನಿಮ್ಮತ್ರ?"

"ಹೇಳದಿದ್ರೆ ಝುಬೈರ್ ದಿನಾ ಮೂರು ಕ್ವಿಂಟಲ್ ತಳ್ಬೇಕು. ಅವನಿಗೆ ಐವತ್ತಮೂರು ವರ್ಷ ಲೋಲು."

"ಹಾಗಾದ್ರೆ ಹೇಳಿ."

"ಹೇಳಿದ್ರೆ ಅರ್ಬಾಬ್ ಸಹಿ ಹಾಕದಿದ್ರೆ?"

ಲೋಲಾಕ್ಷಿ ಸಟ್ಟುಗವನ್ನು ಕಾವಲಿಯ ಪಕ್ಕದಲ್ಲಿಟ್ಟು ಸೊಂಟಕ್ಕೆ ಕೈಕೊಟ್ಟಳು. "ನಿಮ್ಮನ್ನು ಕಟ್ಟಿಕೊಂಡು ಇಪ್ಪತ್ತು ವರ್ಷ ಆಯ್ತು. ನಿಮ್ಗೆ ಹೇಳದೆ ಇರ್ಲಿಕ್ಕೆ ಆಗುದಿಲ್ಲ ಅಂತ ನಂಗೆ ಗೊತ್ತುಂಟು, ಈ ದೋಸೆಗೂ ಗೊತ್ತುಂಟು. ಮತ್ತೆ ಸುಮ್ನೆ ಎಂತಕ್ಕೆ ಅದನ್ನು ಹರಿಯುದು? ಬಿಸಿ ಒಂದು ಹಾಕ್ತೇನೆ, ತಿನ್ನಿ."

ಶನಿವಾರ ಬೆಳಿಗ್ಗೆ ಝಿಯಾದನ ಕೋಣೆಯಲ್ಲಿ ಮೇಜಿನ ಮೇಲೆ ಪೇಪರು ಬಿಡಿಸಿ ಶ್ಯಾಮಸುಂದರ ನಿಂತಿದ್ದರು. ಝಿಯಾದ್ ಪೆನ್ನಿನ ಮುಚ್ಚಳ ತೆಗೆದಿದ್ದ. ಬೋಜ ಬಾಗಿಲು ತಟ್ಟಿ ಒಳಗೆ ಬಂದ. ರಾತ್ರಿಯಿಡೀ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಹಿಂದಿಯ ವಾಕ್ಯಗಳು ಬಾಗಿಲಲ್ಲೇ ಉಳಿದವು.

"ಅರ್ಬಾಬ್, ಗುರುವಾರ ಕೋಲು ಕೆಲಸ ಮಾಡದ್ದು ಮಿಷನ್ನಿನ ತಪ್ಪಲ್ಲ, ನನ್ನದು. ಒಂದು ಪ್ರಶ್ನೆಗೆ ಬೇಡ ಎಂದು ಒತ್ತಿದೆ. ಸರಿ ಮಾಡಬಹುದು."

ಝಿಯಾದ್ ಪೆನ್ನನ್ನು ಹಿಡಿದುಕೊಂಡೇ ಕೇಳಿದ. "ಎಷ್ಟು ಹೊತ್ತು ಬೇಕು?"

"ನಾಲ್ಕು ಗಂಟೆ."

"ಆಮೇಲೆ ಯಾರೂ ತೊಲೆ ತಳ್ಳಬೇಕಾಗಿಲ್ಲ?"

"ಇಲ್ಲ."

ಝಿಯಾದ್ ಪೇಪರನ್ನು ಒಮ್ಮೆ, ಬೋಜನನ್ನು ಒಮ್ಮೆ ನೋಡಿದ. "ಅಂದ್ರೆ ಕೋಲು ಸರಿಯಾದರೆ ಆ ಮಿಷನ್ ಯಾರು ಬೇಕಾದರೂ ನಡೆಸಬಹುದು. ಹೌದಾ, ಅಲ್ಲವಾ?"

ಕೋಣೆಯ ಏಸಿ ಗುರ್ ಎನ್ನುತ್ತಿತ್ತು. ಪ್ರಶ್ನೆಗೆ ಮೂರನೆಯ ಅಕ್ಷರವಿರಲಿಲ್ಲ. ಬೋಜನಿಗೆ ಹಾಳೆಯ ಮೇಲೆ ಬಗ್ಗಿದ್ದ ಝುಬೈರನ ಒಂದು ಮುಚ್ಚಿದ ಕಣ್ಣು ಕಂಡಿತು.

"ಅಲ್ಲ ಅರ್ಬಾಬ್," ಎಂದ. "ಕೋಲು ತೊಲೆಯನ್ನು ತಳ್ಳುತ್ತದೆ, ಅಷ್ಟೇ. ಎಲ್ಲಿಗೆ ತಳ್ಳಬೇಕೆಂದು ಅದಕ್ಕೆ ಗೊತ್ತಿಲ್ಲ. ಆವತ್ತು ಹಾಳೆ ಬೆರಳಿನಷ್ಟು ಬಾಗಿತ್ತು. ನಾನು ಅಲ್ಲೇ ನಿಂತಿದ್ದೆ, ನನಗೆ ಕಾಣಲಿಲ್ಲ. ಶ್ಯಾಮ್ ಸರ್ ನಿಂತಿದ್ದರು, ಅವರಿಗೂ ಕಾಣಲಿಲ್ಲ. ಝುಬೈರ್ ತಗಡು ತುರುಕದಿದ್ದರೆ ಮೂತಿ ಹಾಳೆಗೆ ತಾಗಿ ಮುರೀತಿತ್ತು. ಹೊಸ ಮಿಷನ್ ತಂದರೂ ಹಾಳೆ ಇದೇ, ಬಿಸಿಲು ಇದೇ."

ಝಿಯಾದ್ ಶ್ಯಾಮಸುಂದರರ ಕಡೆ ತಿರುಗಿದ. "ನಿಮಗೆ ಕಂಡಿತ್ತಾ?"

ಶ್ಯಾಮಸುಂದರ ಒಂದು ಗಳಿಗೆ ಕ್ಯಾಟಲಾಗಿನ ಮೇಲಿನ ಚಿತ್ರ ನೋಡಿದರು. "ಇಲ್ಲ ಸರ್," ಎಂದರು. "ತಗಡು ಯಾಕೆ ಹಾಕ್ದ ಅಂತ ನನಗೆ ಈಗ ಗೊತ್ತಾಗಿದ್ದು."

ಝಿಯಾದ್ ನಕ್ಕುಬಿಟ್ಟ. ಸಹಿ ಹಾಕಿ, ಪೇಪರನ್ನು ಶ್ಯಾಮಸುಂದರರ ಕಡೆಗೆ ಸರಿಸಿದ. "ಎರಡು ವರ್ಷ. ಅಷ್ಟರೊಳಗೆ ನೀವಿಬ್ಬರೂ ಕೂತು ಅವನಿಂದ ಆ ಕಣ್ಣು ಮುಚ್ಚೋದನ್ನು ಕಲಿತುಕೊಳ್ಳಿ. ಬೋಜ, ಹೋಗಿ ಕೋಲು ಸರಿಮಾಡು."

ಹೊರಗೆ ಬಂದಾಗ ಶ್ಯಾಮಸುಂದರ ಬೋಜನ ತೋಳು ಹಿಡಿದು ನಿಲ್ಲಿಸಿದರು. "ರೀ ಬೋಜಣ್ಣ, ಸಹಿ ಆದಮೇಲೆ ಹೇಳಿದ್ರೆ ಆಗ್ತಿರಲಿಲ್ವಾ? ನನ್ನ ಎದೆ ನಿಂತೇ ಹೋಗಿತ್ತಲ್ರೀ."

"ಆಮೇಲೆ ಹೇಳಿದ್ರೆ ಅದು ಹೇಳಿದ ಹಾಗೆ ಆಗ್ತದಾ ಸರ್?"

"ಆಗತ್ತಪ್ಪ! ನಮ್ಮ ಕಡೆ ಹಾಗೇ ಹೇಳೋದು," ಎಂದು ಅವರು ತಲೆ ಅಲ್ಲಾಡಿಸುತ್ತ ಹೋದರು.

ಝುಬೈರ್ ಮಿಷನ್ನಿನ ಪಕ್ಕದಲ್ಲಿ ಎಣ್ಣೆಯ ಡಬ್ಬದ ಮೇಲೆ ಕೂತು ಸೊಂಟಕ್ಕೆ ಮುಲಾಮು ಉಜ್ಜಿಕೊಳ್ಳುತ್ತಿದ್ದ. ಸಹಿ ಆಯಿತು ಎಂದು ಬೋಜ ಹೇಳಿದಾಗ ಅವನು ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಂಡು, ಎರಡು ಅಂಗೈಗಳಿಂದ ಮುಖ ಸವರಿಕೊಂಡ. ಮುಲಾಮಿನ ಕೈ ಎಂಬುದು ಮರೆತಿತ್ತು. ಕಣ್ಣಿಂದ ನೀರು ಸುರಿಯಿತು. ಯಾವುದು ಯಾವುದರ ನೀರು ಎಂದು ಬೋಜ ಕೇಳಲಿಲ್ಲ, ಓಡಿಹೋಗಿ ಬಾಟಲಿ ತಂದುಕೊಟ್ಟ.

ಅವನು ಮುಖ ತೊಳೆದುಕೊಂಡ ಮೇಲೆ ಬೋಜ ಜಾಯ್‌ಸ್ಟಿಕ್ಕಿನ ಸಂಗತಿಯನ್ನೂ ಹೇಳಿದ. ಝುಬೈರ್ ಬೈಯಬಹುದೆಂದು ಒಂದು ಹೆಜ್ಜೆ ಹಿಂದೆ ನಿಂತೇ ಹೇಳಿದ.

"ನಾನು ನಮಾಜಿಗೆ ಹೋದ ಹತ್ತು ನಿಮಿಷದಲ್ಲಾ?"

"ಹೌದು."

"ನೂರಾರು ಸಲ ನನ್ನನ್ನು ಕೇಳಿದವನಿಗೆ, ಆ ಒಂದು ಸಲ ಕೇಳೋಣ ಅಂತ ಅನಿಸಲಿಲ್ಲವಾ?"

"ಧೈರ್ಯ ಬಂದಿತ್ತು ಭಾಯ್."

"ಇನ್ನು ಮೇಲೆ ಧೈರ್ಯ ಬಂದಾಗ ನನ್ನನ್ನು ಕರಿ," ಎಂದ ಝುಬೈರ್. "ಈಗ ಬೇಗ ಸರಿಮಾಡು. ನನ್ನ ಬೆನ್ನು ಹೋಯ್ತು."

ಬೋಜ ವರ್ಕ್‌ಸ್ಟೇಷನ್ನಿನ ಮುಂದೆ ಕೂತ. ಜಾಯ್‌ಸ್ಟಿಕ್ಕಿನ ಪ್ರಶ್ನೆಯನ್ನು ಹುಡುಕಿ, ವಿವರಣೆಯನ್ನು ಈ ಸಲ ಪೂರ್ತಿ ಓದಿ, ವೈ ಒತ್ತಿದ. ಒತ್ತಿದ ಕೂಡಲೇ ಆ ಒಂದು ಸಾಲಿನ ಕೆಳಗೆ ಇನ್ನೂ ಇಪ್ಪತ್ತೆಂಟು ಸಾಲು ಬಿಚ್ಚಿಕೊಂಡವು. ಯಾವ ಬಗೆಯ ಕೋಲು? ಎರಡು ಗುಂಡಿಯದ್ದೋ, ನಾಲ್ಕರದ್ದೋ? ವಿಮಾನ ಹಾರಿಸುವುದೋ, ಕಾರು ಓಡಿಸುವುದೋ?

ಬೋಜ ಕೈಯನ್ನು ಕೀಬೋರ್ಡಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

"ಝುಬೈರ್ ಭಾಯ್," ಎಂದು ಕರೆದ. "ಆ ಡಬ್ಬ ಇತ್ತ ತಾ."